ಮಾವನ ಬಿಯರಿಗೆ ಒಂದು ಚಮಚ ಮಾಲ್ಟ್

ನಾನು ಮನೆಯಲ್ಲೇ ತಯಾರಿಸಿದ ಮೊದಲ ಬಿಯರನ್ನು ಕೊಗನೊಳ್ಳಿಯ ಮಾವ, ಅಂದರೆ ನನ್ನ ಹೆಂಡತಿಯ ಅಪ್ಪ, ಒಂದೇ ಗುಟುಕು ಕುಡಿದು ಲೋಟವನ್ನು ನನ್ನ ಕಡೆ ಸರಿಸಿದ್ದರು. “ಅಳಿಯಾರ, ಇದನ್ನ ಎಮ್ಮಿಗಿ ಇಡ್ರಿ,” ಅಂದರು. ಮೈಯೆಲ್ಲ ಉರಿದುಹೋಯಿತು. ಮಾವ ಬೇರೆ, ತಿರುಗಿ ಮಾತಾಡುವಂತಿಲ್ಲ. ಬಿಯರಿನಲ್ಲಿ ನೊರೆ ಇರಲಿಲ್ಲ, ನಿಜ. ಆದರೂ ಅಥಣಿ ಕಡೆಯ ದ್ರಾಕ್ಷಿ ತೋಟದವನಿಗೆ ಹೀಗನ್ನುವುದೇ? ಇವರ ಬಾಯಿಂದ ಒಮ್ಮೆಯಾದರೂ ಚಲೋ ಆಗೇತಿ ಅನ್ನಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಗುಟ್ಟು ತಿಳಿಯಿತು. ಬಾಟಲಿ ತುಂಬುವಾಗ ಒಂದಿಷ್ಟೇ ಮಾಲ್ಟ್ ರಸ ಹಾಕಿ ಬಿಗಿಯಾಗಿ ಮುಚ್ಚಬೇಕಂತೆ. ಬಿಯರಿನಲ್ಲಿ ಉಳಿದ ಈಸ್ಟ್ ಆ ಸಿಹಿ ತಿಂದು ಗ್ಯಾಸು ಬಿಡುತ್ತದೆ. ಗ್ಯಾಸು ಹೋಗಲು ದಾರಿಯಿಲ್ಲದೆ ಒಳಗೇ ಕೂತು, ಮುಚ್ಚಳ ತೆಗೆದಾಗ ನೊರೆಯಾಗಿ ಏಳುತ್ತದೆ. ಮಾಲ್ಟ್ ರಸವೆಂದರೆ ಮೊಳಕೆ ಬಾರ್ಲಿಯ ರಸವನ್ನು ಬತ್ತಿಸಿದ್ದು, ಕಂದು ಬಣ್ಣ, ಜೇನಿನಷ್ಟು ಮಂದ. ಒಂದು ಡಬ್ಬಿ ತರಿಸಿದೆ. ಅವ್ವ ಅದನ್ನು ಮೂಸಿ, ಬೆರಳಿಗೆ ಹಚ್ಚಿ ನೆಕ್ಕಿ, ಇದು ಕಬ್ಬಿನ ಕಾಕಂಬಿಯೇ ಎಂದು ತೀರ್ಪು ಕೊಟ್ಟಳು. ಬೆಲ್ಲದ ಗಾಣದ ಮನೆಯಲ್ಲಿ ಹುಟ್ಟಿದವಳ ಮುಂದೆ ವಾದ ನಡೆಯುವುದಿಲ್ಲ.

ನಾನು ಚಹಾ ಚಮಚದಲ್ಲಿ ಅಳೆದು ಅಳೆದು ಹಾಕುವುದನ್ನು ಅವ್ವ, ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. “ಬೀಗರಿಗೆ ಇಷ್ಟ ಕೈ ಬಿಗಿ ಹಿಡಿತಾರೇನೋ?” ಅಂದಳು ಅವ್ವ. ನಮ್ಮಲ್ಲಿ ಬೀಗರ ತಾಟಿನ ಹೋಳಿಗೆಯ ಮೇಲೆ ತುಪ್ಪ ಹರಿಯಬೇಕು. ಅವರು ಸಾಕು ಎಂದು ಕೈ ಅಡ್ಡ ಹಿಡಿದರೆ ಕೈಮೇಲೇ ಸುರಿಯಬೇಕು, ಇಲ್ಲದಿದ್ದರೆ ಮರ್ಯಾದೆ ಹೋಯಿತು. ಇದು ಹೋಳಿಗೆಯಲ್ಲ, ಇಷ್ಟೇ ಸಾಕು ಎಂದು ಗದರಿದೆ. ಬಾಟಲಿಗಳನ್ನು ಒಣದ್ರಾಕ್ಷಿ ಶೆಡ್ಡಿನ ಮೂಲೆಯಲ್ಲಿಟ್ಟು ತೋಟಕ್ಕೆ ಔಷಧಿ ಹೊಡೆಯಲು ಹೋದೆ.

ಮುಂದಿನ ವಾರ ಮಾವ ಬಂದರು. ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತರು. ನಾನು ಠೀವಿಯಿಂದ ಬಾಟಲಿಯ ಮುಚ್ಚಳದ ಕ್ಲಿಪ್ಪು ಎತ್ತಿದೆ. ಅಯ್ಯಯ್ಯೋ, ತೋಟದ ಪೈಪು ಒಡೆದ ಹಾಗೆ ನೊರೆ ಚಿಮ್ಮಿ ಮೊದಲು ಜಂತಿಗೆ ಬಡಿಯಿತು, ಅಲ್ಲಿಂದ ಮಾವನ ತಲೆಗೆ ಇಳಿಯಿತು. ಹೆಬ್ಬೆರಳಿನಿಂದ ಬಾಯಿ ಮುಚ್ಚಲು ಹೋದೆ; ಅದು ಪಕ್ಕದಿಂದ ಹಾರಿ ಅವರ ಎದೆಯನ್ನೂ ತೋಯಿಸಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡು, ಬಾಟಲಿಗೆ ಒಂದೊಂದು ಚಮಚ ತಾನೇ ಹೆಚ್ಚಿಗೆ ಹಾಕಿದ್ದಾಗಿ ಒಪ್ಪಿಕೊಂಡಳು. ನನ್ನ ಹೆಂಡತಿ ಬೆಚ್ಚಿ ಅವಳ ಮುಖ ನೋಡಿದಳು. “ಅಯ್ಯ ಅತ್ತಿ, ನೀವೂ ಹಾಕಿದ್ರೇನು?”

ಮಾವ ಮೀಸೆ ನೆಕ್ಕಿಕೊಂಡರು. ಬಾಟಲಿ ಇಸಿದುಕೊಂಡು, ತಳದಲ್ಲಿ ಉಳಿದಿದ್ದನ್ನು ಎತ್ತಿ ಕುಡಿದರು. ಮನೆ ತುಂಬುವಂಥ ಒಂದು ತೇಗು ಬಂತು.

“ಮಸ್ತ್ ಆಗೇತಿ,” ಅಂದರು. ನನಗೆ ಸ್ವರ್ಗ ಮೂರೇ ಗೇಣು. ಆದರೆ ಅವರು ಅವ್ವನ ಕಡೆ ತಿರುಗಿ ಕೈಮುಗಿಯುತ್ತಿದ್ದರು. “ಕೈಗುಣ ಅಂದ್ರ ನಿಮ್ದ ನೋಡ್ರಿ ಅಕ್ಕಾರ. ಇನ್ನ ಮ್ಯಾಲ ಇದನ್ನ ಅಳಿಯಾರ ಕೈಯಾಗ ಕೊಡಬ್ಯಾಡ್ರಿ.”

ಜನ್ಮದಲ್ಲಿ ಒಂದು ತೊಟ್ಟು ಬಿಯರು ಕುಡಿಯದ ಅವ್ವ, ಮುಂದಿನ ಸಲ ಇನ್ನೂ ಚಲೋ ಮಾಡುತ್ತೇನೆ ಎಂದು ಮಾತು ಕೊಟ್ಟಳು. ನಾನು ನೆಲ ಒರೆಸುವ ಬಟ್ಟೆ ಹುಡುಕಲು ಹೋದೆ.