ಶ್ರಾವಣದ ಒಪ್ಪತ್ತು ಮತ್ತು ನಾನು ಬಿಟ್ಟ ಗುಳಿಗೆ

ಭಕ್ತ ಬಂಧುಗಳೇ, ನನಗೆ ಎಚ್‌ಐವಿ ಇದೆ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದು ಸುಲಭ. ಗಂಡನಿಂದ ಬಂದದ್ದು. ಅವರು ತೀರಿಕೊಂಡು ಏಳು ವರ್ಷವಾಯಿತು. ಅವರನ್ನು ಬೈದು ಬೈದು ಈಗ ಬೈಯುವ ಶಕ್ತಿಯೂ ಇಲ್ಲ. ಬ್ಯಾಡಗಿಯಲ್ಲಿ ಅತ್ತೆಯ ಮನೆಯಲ್ಲೇ ಇದ್ದೇನೆ. ಹಗಲೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸುತ್ತೇನೆ, ತಿಂಗಳಿಗೊಮ್ಮೆ ಹಾವೇರಿಯ ಆಸ್ಪತ್ರೆಯಿಂದ ಗುಳಿಗೆ ತರುತ್ತೇನೆ. ನನಗೆ ರಕ್ತ ಕಡಿಮೆ, ಅದಕ್ಕೆ ಗುಳಿಗೆ ಎಂದು ಅತ್ತೆಗೆ ಹೇಳಿದ್ದೆ. ರಾಣೆಬೆನ್ನೂರಿನ ತವರಿನಲ್ಲಿ ನಿಜ ಹೇಳಿ, ಅಣ್ಣನ ಮನೆಯ ಹೊರಗಟ್ಟೆಯ ಮೇಲೆ ಕೂತು ಉಂಡು ಬಂದವಳು ನಾನು. ಇದ್ದ ಇನ್ನೊಂದು ಮನೆಯನ್ನೂ ಕಳೆದುಕೊಂಡರೆ ಎಲ್ಲಿಗೆ ಹೋಗಲಿ?

ಕಳೆದ ಶ್ರಾವಣಕ್ಕೆ ಮುಂಚೆ ಆಸ್ಪತ್ರೆಯಲ್ಲಿ ಎಚ್‌ಐವಿ ಗುಳಿಗೆ ಕೊಡುವ ಸಾಲಿನಲ್ಲಿ ನಮ್ಮ ಓಣಿಯ ಹೆಂಗಸೊಬ್ಬಳು ನನ್ನನ್ನು ನೋಡಿದಳು. ಓಣಿಗೆ ಬಂದು ಅತ್ತೆಗೆ ಹೇಳಿಬಿಟ್ಟರೆ? ಅಂದೇ ಕದರಮಂಡಲಗಿಗೆ ಹೋಗಿ ಆಂಜನೇಯನ ಮುಂದೆ ಹರಕೆ ಹೊತ್ತೆ. ಅತ್ತೆಗೆ ತಿಳಿಯದಂತೆ ಕಾಯಪ್ಪಾ, ಶ್ರಾವಣ ಪೂರ್ತಿ ಒಪ್ಪತ್ತು ಮಾಡುತ್ತೇನೆ ಎಂದೆ. ಮಧ್ಯಾಹ್ನ ಒಂದು ಊಟ, ರಾತ್ರಿ ನೀರು ಮಾತ್ರ. ನನ್ನ ಗುಳಿಗೆಯೋ ರಾತ್ರಿ ಊಟದ ನಂತರದ್ದು. ಊಟವೇ ಇಲ್ಲದ ಮೇಲೆ ಗುಳಿಗೆ ಎಲ್ಲಿಯದು? ನುಂಗಿದರೆ ವ್ರತ ಕೆಡುತ್ತದೆ ಎಂದುಕೊಂಡು ತಿಂಗಳಿಡೀ ಬಿಟ್ಟೆ. ಬುದ್ಧಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಭಯ ಇತ್ತು.

ಭಾದ್ರಪದದಲ್ಲಿ, ಗುಳಿಗೆ ಮತ್ತೆ ಶುರು ಮಾಡುವ ಮೊದಲೇ, ಹಿಡಿದ ಜ್ವರ ಬಿಡಲಿಲ್ಲ. ಬಾಯೆಲ್ಲ ಹುಣ್ಣು. ಆಸ್ಪತ್ರೆಯಲ್ಲಿ ರಕ್ತ ನೋಡಿ, ವೈರಾಣು ಏರಿದೆ, ಗುಳಿಗೆ ಬಿಟ್ಟಿದ್ದೀರಾ ಎಂದರು. ಇಲ್ಲವೆಂದೆ. ಹಾಗಾದರೆ ಈ ಔಷಧ ಕೆಲಸ ಮಾಡುತ್ತಿಲ್ಲ, ಬದಲಿಸಬೇಕಾದೀತು ಎಂದರು. ತಿರುಗಿ ಬರುವ ಬಸ್ಸಿನಲ್ಲಿ ಸ್ವಾಮಿಯ ಮೇಲೆ ಸಿಟ್ಟು ಬಂತು. ಹನುಮಪ್ಪಾ, ಇಷ್ಟು ಹಸಿದಿದ್ದಕ್ಕೆ ಇದೇ ಏನು ನೀನು ಕೊಡುವುದು ಎಂದು ಮನಸ್ಸಿನಲ್ಲೇ ಜಗಳಾಡಿದೆ.

ಮರುದಿನ ಬೆಳಿಗ್ಗೆ ಎದ್ದಾಗ ಅತ್ತೆ ಪಕ್ಕದಲ್ಲಿ ಕುಳಿತಿದ್ದರು. ಕೈಯಲ್ಲಿ ನನ್ನ ಗುಳಿಗೆ ಡಬ್ಬಿ, ತುಂಬಿದ್ದು.

“ಎಷ್ಟ ದಿನಾ ಆತು ಬಿಟ್ಟು?”

“ಅತ್ತೀ, ಅವು ರಕ್ತದ ಗುಳಿಗಿರೀ...”

“ನನ್ನ ಮಗನೂ ಇಂಥಾದ ಡಬ್ಬಿ ಇಟ್ಕೊಂಡಿದ್ದ. ಕಾಮಾಲಿ ಅಂತ ಹೇಳಿದ್ರಿ ನೀವಿಬ್ರೂ, ಯಾವ ಬ್ಯಾನಿ ಅಂತ ನನಗ ಆಗ ತಿಳಿದಿತ್ತು. ಅಂವಾ ಗುಳಿಗಿ ನಡುವ ಬಿಟ್ಟ, ಹೋದ. ನೀನೂ ಅದನ್ನ ಮಾಡಾಕತ್ತೀಯೇನು?”

ಏಳು ವರ್ಷದಿಂದ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಜೊತೆ ಒಂದೇ ಬುಟ್ಟಿಯ ರೊಟ್ಟಿ ತಿಂದಿದ್ದರು, ನಾನು ಉಂಡ ತಾಟು ತೊಳೆದಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಹರಕೆಯ ವಿಷಯವನ್ನೂ ಹೇಳಿದೆ.

“ಹುಚ್ಚಿ. ಲಕ್ಷ್ಮಣಗ ಔಷಧ ಬೇಕಂತ ಗುಡ್ಡಾನ ಹೊತ್ಕೊಂಡು ಬಂದ ದೇವರಂವ. ಅವನ ಹೆಸರ ಮ್ಯಾಲ ಔಷಧ ಬಿಡತಾರೇನು? ಏಳು, ಮಾರಿ ತೊಳಕೋ.”

ಆ ವಾರವೇ ಹಾವೇರಿಗೆ ಹೋಗಿ ನಿಜ ಹೇಳಿದೆ. ಅದೇ ಗುಳಿಗೆ ಮತ್ತೆ ಶುರುವಾಯಿತು. ಕೆಲವು ತಿಂಗಳಲ್ಲಿ ವೈರಾಣು ಇಳಿಯಿತು. ದಣಿವು ಹೋಗಿಲ್ಲ, ಓಣಿಯ ಭಯವೂ ಹೋಗಿಲ್ಲ. ಆದರೆ ಮನೆಯೊಳಗೆ ಹೆದರಿಕೊಂಡು ಉಣ್ಣುವುದು ನಿಂತಿದೆ. ನಾನು ಬೇಡಿದ್ದನ್ನು ಸ್ವಾಮಿ ಕೊಡಲಿಲ್ಲ. ಬೇಡಲು ಧೈರ್ಯವೇ ಇಲ್ಲದ್ದನ್ನು ಕೊಟ್ಟ. ಅವನಿಗೆ ಶರಣು.

ಕಳೆದ ತಿಂಗಳು ಅತ್ತೆಯೂ ಆಸ್ಪತ್ರೆಗೆ ಬಂದಿದ್ದರು. ಅಲ್ಲಿಯ ಸಮಾಲೋಚಕಿ ಕಾರ್ಡು ತುಂಬುತ್ತಾ, “ಮನ್ಯಾಗ ಯಾರಿಗರೆ ಗೊತ್ತೈತೇನ್ರಿ?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು.

“ಗೊತ್ತೈತಿ ಅಂತ ಬರ್ಕೊಳ್ರಿ. ನಾ ಆಕಿ ಅತ್ತಿ. ಮೊದಲಿಂದಾನೂ ಗೊತ್ತೈತಿ.”