ಡಾರ್ಲಾ ಅಕ್ಕನ ಸೀಟಿ

ನನ್ನ ಅಕ್ಕ ಡಾರ್ಲಾ ಅಮೆರಿಕದ ಮೊಂಟಾನದ ಕಾಡಂಚಿನ ನಮ್ಮ ಊರಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಬಸ್ಸು ತುಂಬ ಮಕ್ಕಳಿದ್ದರೂ ಒಂದು ಗದರಿಕೆಗೆ ಬಾಯಿ ಮುಚ್ಚಿಸುವವಳು. ಗಂಡ ಬಿಟ್ಟುಹೋದ ಮೇಲೆ ಆ ಗತ್ತೆಲ್ಲ ಟಕರ್ ಎಂಬ ನಾಯಿಯ ಕಡೆ ತಿರುಗಿತು. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರೆ ಸಾಕು, ಟಕರ್ ಅಟ್ಟುತ್ತಿದ್ದ ಅಳಿಲನ್ನೂ ಬಿಟ್ಟು ಓಡಿಬಂದು ಅವಳ ಎಡಗಾಲ ಪಕ್ಕ ಕೂರುತ್ತಿತ್ತು. ಆಗ ಅವಳು ನಮ್ಮನ್ನೆಲ್ಲ ನೋಡುತ್ತಿದ್ದಳಲ್ಲ, ಆ ನೋಟಕ್ಕೆ ನನ್ನ ಮೈ ಉರಿಯುತ್ತಿತ್ತು.

ಕಾಡಿನ ದಾರಿ ಶುರುವಾಗುವಲ್ಲೇ ನಾಯಿಗೆ ಹಗ್ಗ ಕಡ್ಡಾಯ ಎಂಬ ಹಲಗೆ ಇದೆ. ಅಕ್ಕ ಟಕರ್‌ನ ಹಗ್ಗವನ್ನು ತನ್ನ ಕೊರಳಿಗೇ ಹಾಕಿಕೊಂಡು ನಡೆಯುತ್ತಿದ್ದಳು. ಎದುರು ಬಂದವರು ಹಿಂಜರಿದರೆ, ಅವನು ಏನೂ ಮಾಡಲ್ಲ ಬನ್ನಿ ಎಂದು ದೂರದಿಂದಲೇ ಕೂಗುತ್ತಿದ್ದಳು. ನಮ್ಮೂರಿನ ಅರ್ಧ ಜನಕ್ಕೆ ಈ ಚಾಳಿ ಇದೆ. ಕಾಡಿನಲ್ಲಿ ಬೇರೆಯವರೂ ಇದ್ದಾರೆ, ಅವರು ಏನಾದರೂ ಮಾಡಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಕಾಡುಹಣ್ಣು ಕೀಳಲು ಹೋದ ದಿನವೂ ನಾನು ಬಾಯಿ ನೋಯಿಸಿಕೊಂಡೆ. “ಅಕ್ಕ, ಪೊದೆ ದಟ್ಟ ಇದೆ. ಹಗ್ಗ ಹಾಕು.”

“ನನ್ನ ಸೀಟೀನೇ ಹಗ್ಗ ಕಣೇ. ನಿನ್ನ ಗಂಡ ಇಷ್ಟಾದ್ರೂ ಮಾತು ಕೇಳ್ತಾನಾ?”

ಟಕರ್ ತಿರುವು ದಾಟಿ ಮರೆಯಾಯಿತು. ಮೊದಲು ಬೊಗಳಿದ್ದು ಕೇಳಿಸಿತು, ಆಮೇಲೆ ಕರಡಿಮರಿಯ ಕಿರುಚಾಟ. ಅಕ್ಕ ಸೀಟಿ ಹೊಡೆದಳು. ಟಕರ್ ಬಾಣದಂತೆ ಬಂತು. ಅದರ ಬೆನ್ನಿಗೇ ತಾಯಿ ಕರಡಿಯೂ ಬಂತು. ನಾಯಿ ಕಲಿತ ಪಾಠದಂತೆ ಅವಳ ಎಡಗಾಲ ಪಕ್ಕ ಕೂತಿತು.

ಕರಡಿ ಒಂದೇ ಏಟಿಗೆ ಟಕರ್‌ನ ಬೆನ್ನು ಮುರಿಯಿತು. ಅಕ್ಕ, ಹುಚ್ಚಿ, ಬರಿಗೈಯಲ್ಲೇ ಅದರ ಮುಖಕ್ಕೆ ಗುದ್ದಿದಳು. ಅದು ಅವಳ ತೋಳು ಕಚ್ಚಿ ಎತ್ತಿ ಒಗೆಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮತ್ತೆ ಮೇಲೆರಗಿ ಹಣೆಯಿಂದ ತುಟಿಯವರೆಗೆ ಚರ್ಮ ಸುಲಿಯಿತು. ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ಕರಡಿ ಓಡಿಸುವ ಖಾರದ ಸ್ಪ್ರೇ ಡಬ್ಬಿ ಕಿತ್ತು ಖಾಲಿಯಾಗುವವರೆಗೂ ಅದರ ಮೂತಿಗೆ ಸಿಡಿಸಿದೆ. ಆ ಖಾರ ಅಕ್ಕನ ಹಸಿಗಾಯಕ್ಕೂ ಬಿತ್ತು. ಕರಡಿ ಕೆಮ್ಮುತ್ತಾ ಮರಿಯ ಕಡೆ ಓಡಿತು. ಟಕರ್ ಮುಂಗಾಲು ಊರಿ ಏಳಲು ನೋಡಿ, ಆಗದೆ, ಅಲ್ಲೇ ಸತ್ತಿತು.

ಆಸ್ಪತ್ರೆಗೆ ಅರಣ್ಯ ಇಲಾಖೆಯವರು ಬಂದರು. ಕರಡಿ ತಾನಾಗಿ ಮೈಮೇಲೆ ಬಿತ್ತು ಎಂದರೆ ಅದನ್ನು ಹಿಡಿದು ಕೊಲ್ಲುತ್ತಾರೆ. ಹಾಗೇ ಹೇಳು ಎಂದು ನಾನು ಮೊದಲೇ ಅಕ್ಕನ ಕಿವಿಯಲ್ಲಿ ಊದಿದ್ದೆ. ನನಗೆ ಅದರ ತಲೆಯೇ ಬೇಕಿತ್ತು. ಅಕ್ಕ ಹೊಲಿಗೆ ಹಾಕಿದ ತುಟಿಯಲ್ಲೇ ನಿಧಾನವಾಗಿ ಹೇಳಿದಳು: ಹಗ್ಗ ಹಾಕಿರಲಿಲ್ಲ, ನಾಯಿಯೇ ಮರಿಯ ಮೇಲೆ ಹೋಯಿತು, ತಾಯಿಯನ್ನು ಬಿಟ್ಟುಬಿಡಿ. ದಂಡ ಹಾಕುತ್ತೇವೆ ಎಂದಾಗಲೂ ಆಗಲಿ ಎಂದು ತಲೆಯಾಡಿಸಿದಳು.

ಅವರು ಹೋದ ಮೇಲೆ ನಾನು ರೇಗಿದೆ. ಟಕರ್‌ನನ್ನು ಕೊಂದ ಪ್ರಾಣಿಯ ಪರವಾಗಿ ಮಾತಾಡಲು ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದೆ.

ಅವಳು ಗೋಡೆಯ ಕಡೆ ತಿರುಗಿದಳು. “ಅವನು ಕರಡಿ ಕೈಗೆ ಸಿಗ್ತಿರ್ಲಿಲ್ಲ ಕಣೇ. ಪೊದೆ ನುಗ್ಗಿ ಎಲ್ಲಾದ್ರೂ ಓಡಿಹೋಗ್ತಿದ್ದ. ನಾನು ಕರೆದೆ ಅಂತ ಬಂದ.”