ಪಡುವಣ ಗೋಡೆಯ ಗಿಲಾವು

ಆಳಂದದ ನಮ್ಮ ಮನೆಯ ಮೂರು ಗೋಡೆಗಳಿಗೆ ಹೊರಗಡೆ ಸಿಮೆಂಟಿನ ಗಿಲಾವು ಆಗಿತ್ತು, ಪಡುವಣ ಗೋಡೆಗೆ ಮಾತ್ರ ಆಗಿರಲಿಲ್ಲ. ಅಪ್ಪ ಕಟ್ಟಿಸುವಾಗ ಗೇಣು ಜಾಗವನ್ನೂ ಬಿಡದೆ ನಮ್ಮ ಜಾಗದ ಹದ್ದಿನ ಅಂಚಿಗೇ ಕಲ್ಲು ಇಡಿಸಿದ್ದ. ಅದರಾಚೆ ಪಕ್ಕದ ಮನೆಯ ತೊಗರಿ ವ್ಯಾಪಾರಿಯ ಅಂಗಳ. ಗಿಲಾವು ಮಾಡಿಸಬೇಕೆಂದರೆ ಆ ಅಂಗಳದಲ್ಲಿ ಬೊಂಬು ನೆಡಬೇಕು, ಅದಕ್ಕೆ ಅವರನ್ನು ಕೇಳಬೇಕು. ಕೇಳಿದರೆ ಅವರು ಹದ್ದಿನ ಮಾತು ತೆಗೆಯುತ್ತಾರೆ, ಜಾಗ ಅಳೆಯುವ ಮೋಜಣಿಯವರನ್ನು ಕರೆಸುತ್ತಾರೆ, ಇಲ್ಲದ ತಕರಾರು ಬೆನ್ನಿಗೆ ಬೀಳುತ್ತದೆ ಎಂದು ಸುಮ್ಮನಿದ್ದೆ.

ಆ ಗೋಡೆಯ ಒಳಬದಿಗೆ ಅವ್ವನ ಕೋಣೆ. ಮಳೆ ಬಡಿಯುವುದು ಪಡುವಣದಿಂದಲೇ. ಗೋಡೆ ನೀರು ಕುಡಿದು ಬೂಸುರು ಹಿಡಿಯುತ್ತಿತ್ತು, ಅವ್ವ ದೀಪಾವಳಿಯವರೆಗೂ ಕೆಮ್ಮುತ್ತಿದ್ದಳು. ಬೇರೆ ಕೋಣೆಗೆ ಬಾ ಎಂದರೆ ಕೇಳುತ್ತಿರಲಿಲ್ಲ. ಹೀಗೆ ಮೂರನೆಯ ಮಳೆಗಾಲ ಮುಗಿದಾಗ ಡಾಕ್ಟರು ನೇರವಾಗಿಯೇ ಹೇಳಿದರು: "ಮಾಸ್ತರ್ರಿ, ಮೊದಲ ಆ ಗೋಡಿ ನೋಡ್ರಿ. ಇನ್ನೊಂದು ಮಳಿಗಾಲ ಆ ಥಂಡಿಯೊಳಗ ಇಟ್ರ ನನ್ನ ಕೈಯಾಗ ಏನೂ ಇಲ್ಲ."

ಹೋಗಿ ಕೇಳಿದೆ. ವ್ಯಾಪಾರಿ ಚಹಾದ ಬಸಿಯನ್ನು ಕೆಳಗಿಡದೆಯೇ, "ಅದಕ್ಕೇನ್ರಿ, ನಾಳಿನೇ ಚಾಲೂ ಮಾಡ್ರಿ" ಎಂದರು.

ನನಗೆ ಅಲ್ಲೇ ಅನುಮಾನ ಹುಟ್ಟಿತು. ಒಂದಿಷ್ಟು ಗೊಣಗಿದ್ದರೆ ನೆಮ್ಮದಿಯಾಗುತ್ತಿತ್ತು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಮರುದಿನ ಅವರು ಗೋಡೆಯ ಬುಡದ ಕಟ್ಟಿಗೆಯನ್ನೆಲ್ಲ ತಾವೇ ಸರಿಸಿ ಜಾಗ ಮಾಡಿಕೊಟ್ಟರು. ಗಿಲಾವು ಮಾಡಲು ನಾನು ಕರೆಸಿದ್ದ ಗೌಂಡಿಗೆ ಅವರ ಮನೆಯಿಂದಲೇ ರೊಟ್ಟಿ, ಪುಂಡಿಪಲ್ಯ ಬಂತು. ಗೌಂಡಿಯನ್ನು ಒಳಗೆ ಹಾಕಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಗಿಲಾವು ಎಂದರೆ ಗೋಡೆ ಒಂದೂವರೆ ಇಂಚು ಆಚೆ ಹೋಗುತ್ತದೆ. ನಾಳೆ ಅಳತೆಪಟ್ಟಿ ಹಿಡಿದು, ಮಾಸ್ತರರು ನನ್ನ ಜಾಗ ಒತ್ತಿದ್ದಾರೆ ಎಂದರೆ? ಗೋಡೆಯ ಬುಡಕ್ಕೆ ಹುರಿ ಕಟ್ಟಿ, ಎರಡೂ ತುದಿಯ ಫೋಟೊ ತೆಗೆದು, ಗೌಂಡಿಯನ್ನು ಪಕ್ಕಕ್ಕೆ ಕರೆದೆ.

"ಅರ್ಧ ಇಂಚಿನ ಮ್ಯಾಲೆ ಹೋಗಬ್ಯಾಡ."

"ಕಲ್ಲಿನ ಗೋಡಿ ಅದರಿ ಸರ, ಎರಡು ಕೈ ಹೊಡೀಬೇಕು. ತೆಳ್ಳಗ ಹೊಡದ್ರ ಬಿಸಲಿಗಿ ಸೀಳ್ತದ, ಮತ್ತ ನೀರು ಒಳಗ ಬರ್ತದ."

"ಹೇಳಿದಷ್ಟು ಮಾಡು."

ಮಾಡಿದ. ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಸಿಮೆಂಟಿನೊಳಗಿಂದ ಕಲ್ಲುಗಳು ಇಣುಕತೊಡಗಿದ್ದವು. ನಾನು ಮಾಳಿಗೆಯ ಮೇಲೆ ನಿಂತು ಕಾವಲು ಕಾಯುತ್ತಿದ್ದೆ. ಕೆಳಗೆ ವ್ಯಾಪಾರಿ ಬಂದು ಗೌಂಡಿಗೆ, "ಇದು ಗಿಲಾವೋ, ಸುಣ್ಣ ಬಳ್ಯೋದೋ? ದಪ್ಪ ಹೊಡಿಯಪ" ಎಂದದ್ದು ಕೇಳಿಸಿತು.

ಸಿಕ್ಕಿಬಿದ್ದರು ಎಂದುಕೊಂಡೆ. ಗೆರೆ ದಾಟಲೆಂದೇ ಹಾಗೆ ಹೇಳುತ್ತಿದ್ದಾರೆ. ಸರಸರ ಇಳಿದು ಹೋಗಿ ಎದುರು ನಿಂತೆ. "ನನ್ನ ಗೋಡಿ ದಪ್ಪ ಆದ್ರ ನಿಮಗೇನ್ರಿ ಲಾಭ?"

ಅವರು ನನ್ನ ಹುರಿಯನ್ನು ನೋಡಿದರು, ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ. ಅದೂ ನನಗೆ ಕಿರಿಕಿರಿಯೇ.

"ನಿದ್ದಿ ಸಿಗ್ತದ್ರಿ. ನಮ್ಮ ಹೊರಸು ಈ ಗೋಡಿ ಕಡೀಗೇ ಅದ. ನಿಮ್ಮ ಅವ್ವಾರು ಕೆಮ್ಮೋದು ಮೂರು ವರ್ಷದಿಂದ ಕೇಳಾಕತ್ತೇವಿ. ಮಾಸ್ತರು ಯಾವಾಗ ಗಿಲಾವ್ ಮಾಡಸ್ತಾರಂತ ನಾನೂ ನಮ್ಮಾಕಿನೂ ಕಾಯಾಕತ್ತಿದ್ವಿ."

"ಹಂಗಿದ್ರ ಒಂದು ಮಾತು ಹೇಳಬೇಕಿತ್ತು."

"ಹೆಂಗ ಹೇಳ್ಬೇಕ್ರಿ? ನಾನಾಗೇ ಬಂದು ನಮ್ಮ ಅಂಗಳದಾಗ ಬೊಂಬು ನೆಡ್ರಿ ಅಂದಿದ್ರ, ನೀವು ಶಕ್ ಮಾಡ್ತಿದ್ದಿಲ್ಲೇನು?"

ಗೌಂಡಿ ಕರಣಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಇಲ್ಲ ಅನ್ನಲು ಹೊರಟೆ, ಆಗಲಿಲ್ಲ. ಖಂಡಿತ ಶಂಕಿಸುತ್ತಿದ್ದೆ, ಆ ಗೋಡೆಯ ಹತ್ತಿರ ಯಾರನ್ನೂ ಸುಳಿಯಗೊಡುತ್ತಿರಲಿಲ್ಲ. ತುಂಬ ನಾಚಿಕೆಯಾಯಿತು. "ಮಾಡ್ತಿದ್ದೆ" ಎಂದೆ. ಗೌಂಡಿಗೆ ಎಷ್ಟು ದಪ್ಪ ಬೇಕೋ ಅಷ್ಟು ಹೊಡಿ ಎಂದು ಹೇಳಿ ಒಳಗೆ ಬಂದೆ.

ಅವ್ವ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ನನ್ನ ಕೆಮ್ಮಿಂದ ಆ ಮಂದಿಗಿ ಭಾಳ ತ್ರಾಸ ಆಗ್ಯಾದಪ" ಎಂದಳು. "ಹೋಗಿ ನನ್ನ ಕಡಿಂದ ಮಾಫಿ ಕೇಳಿ ಬಾ."